ಹಳೆಯ ಬಂಗಲೆಗಳ ಆಂಡೈರನ್ ಜೋಡಿಗಳನ್ನು ಗುಜರಿ ತಕ್ಕಡಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಬಳ್ಳಾರಿ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದ ಬಂಗಲೆ, ಕಚೇರಿ, ಪ್ರವಾಸಿ ಮಂದಿರಗಳನ್ನು ಕೆಡವುವಾಗ ಅಥವಾ ದುರಸ್ತಿಗೆ ತೆಗೆದುಕೊಳ್ಳುವಾಗ ತೇಗದ ಬಾಗಿಲು, ಕಿಟಕಿ, ತೊಲೆ, ಜಂತೆಗಳ ಲೆಕ್ಕವನ್ನು ತಪ್ಪದೆ ಇಡುತ್ತಾರೆ. ಅವಕ್ಕೆ ಗಿರಾಕಿಗಳಿದ್ದಾರೆ, ಬೆಲೆಯೂ ಎಲ್ಲರಿಗೆ ಗೊತ್ತಿದೆ. ಅದೇ ಕಟ್ಟಡಗಳ ಒಳಗಿದ್ದ ಲೋಹದ ಸಣ್ಣ ಸಾಮಾನುಗಳ ಗತಿ ಬೇರೆ. ಅವು ‘ಇತರೆ ಕಬ್ಬಿಣ’ ಎಂಬ ಒಂದೇ ಸಾಲಿನಲ್ಲಿ ಸೇರಿ, ಇಷ್ಟು ಕಿಲೋ ಎಂದು ತೂಗಿಸಿಕೊಂಡು ಗುಜರಿಗೆ ಹೋಗುತ್ತವೆ. ಹಾಗೆ ಹೋಗುತ್ತಿರುವ ವಸ್ತುಗಳಲ್ಲಿ ಒಂದರ ಬಗ್ಗೆ, ಗೋಡೆಯೊಳಗಿನ ಬೆಂಕಿಗೂಡಿನಲ್ಲಿ ಸೌದೆಯನ್ನು ಹೊತ್ತು ನಿಲ್ಲುವ ಆಂಡೈರನ್ ಎಂಬ ಅಲಂಕಾರದ ಲೋಹದ ಜೋಡಿಯ ಬಗ್ಗೆ, ತಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಜನರ ಮತ್ತು ಅಧಿಕಾರಿಗಳ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಎರಕದ ಕೆಲಸವನ್ನು ಹುಡುಗರಿಗೆ ಕಲಿಸಿ ನಿವೃತ್ತನಾದವನು. ಹಳೆಯ ಕಾಲದ ಕೈಕೆಲಸ ಹೇಗಿತ್ತೆಂದು ತೋರಿಸಲು ಇಂಥ ವಸ್ತುವಿಗಿಂತ ಒಳ್ಳೆಯ ಪಾಠವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಸೀಮೆಯ ಮನೆಗಳಲ್ಲಿ ಬೆಂಕಿಗೂಡು ಇಲ್ಲದ ಕಾರಣ, ಈ ವಸ್ತುವನ್ನು ಮೊದಲ ಸಲ ನೋಡಿದವರು ಅದನ್ನು ಮುರಿದ ಗೇಟಿನ ಭಾಗವೆಂದೋ ಕುರ್ಚಿಯ ಕಾಲೆಂದೋ ತಿಳಿಯುವುದು ಸಹಜ. ಅಡುಗೆಮನೆಯ ಮೂರು ಕಲ್ಲಿನ ಒಲೆ ಪಾತ್ರೆಯನ್ನು ಎತ್ತಿ ಹಿಡಿದು ಕೆಳಗೆ ಬೆಂಕಿಗೆ ಜಾಗ ಬಿಡುವಂತೆ, ಆಂಡೈರನ್ ಸೌದೆಯನ್ನೇ ನೆಲದಿಂದ ಎತ್ತಿ ಹಿಡಿದು ಕೆಳಗೆ ಗಾಳಿಗೆ ದಾರಿ ಬಿಡುತ್ತದೆ. ಹಿಂದಕ್ಕೆ ಚಾಚಿದ ಒಂದು ದಪ್ಪ ಕಬ್ಬಿಣದ ಸರಳು, ಅದರ ಹಿಂತುದಿಗೆ ಒಂದು ಗಿಡ್ಡ ಕಾಲು, ಮುಂದುಗಡೆ ಎರಡು ಕಾಲುಗಳ ಮೇಲೆ ನೆಟ್ಟಗೆ ನಿಂತ ಒಂದು ಕಂಬ, ಇಷ್ಟು ಸೇರಿದರೆ ಒಂದು ಆಂಡೈರನ್. ಇಂಥವು ಎರಡು ಬೇಕು. ಬೆಂಕಿಗೂಡಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಸರಳುಗಳ ಮೇಲೆ ಸೌದೆಯನ್ನು ಅಡ್ಡಲಾಗಿ ಹೇರುತ್ತಾರೆ. ಗಾಳಿ ಕೆಳಗಿನಿಂದ ನುಗ್ಗುವುದರಿಂದ ಸೌದೆ ಚೆನ್ನಾಗಿ ಹೊತ್ತಿಕೊಳ್ಳುತ್ತದೆ, ಹೊಗೆ ಕಡಿಮೆಯಾಗುತ್ತದೆ, ಉದುರಿದ ಕೆಂಡ ಅಡಿಯಲ್ಲಿ ಸೇರಿ ಮೇಲಿನ ಹೊಸ ಸೌದೆಯನ್ನು ಕಾಯಿಸುತ್ತದೆ. ಉರಿಯುವ ಕೊರಡು ಉರುಳಿ ಕೋಣೆಯ ನೆಲಕ್ಕೆ ಬೀಳದಂತೆ ಮುಂಗಂಬ ತಡೆಯುತ್ತದೆ. ಕೋಣೆಯಲ್ಲಿ ಕುಳಿತವರ ಕಣ್ಣಿಗೆ ಬೀಳುವುದು ಈ ಮುಂಗಂಬ ಮಾತ್ರ. ಹಾಗಾಗಿ ಕಸುಬುದಾರರ ಕುಸುರಿಯೆಲ್ಲ ಅಲ್ಲೇ ಸೇರಿದೆ.

ನಗರದ ಒಂದು ಗುಜರಿ ಅಂಗಡಿಯಲ್ಲಿ ಈಚೆಗೆ ಕಂಡದ್ದನ್ನು ಹೇಳಿದರೆ ನನ್ನ ಕಳವಳದ ಕಾರಣ ತಿಳಿದೀತು. ಪಂಪ್‌ಸೆಟ್ಟಿನ ಒಡೆದ ಬಾಡಿಗಳು, ಬೋರ್‌ವೆಲ್ ಪೈಪಿನ ತುಂಡುಗಳ ನಡುವೆ ಹಿತ್ತಾಳೆ ಕಂಬದ ಒಂದು ಆಂಡೈರನ್ ಇಡಿಯಾಗಿ ಬಿದ್ದಿತ್ತು. ಅದರ ಜೋಡಿ ಅಷ್ಟು ಹೊತ್ತಿಗಾಗಲೇ ಸುತ್ತಿಗೆಯ ಏಟಿಗೆ ಸಿಕ್ಕಿ ಹೋಳಾಗಿತ್ತು. ಏಕೆ ಒಡೆದಿರೆಂದು ಕೇಳಿದ್ದಕ್ಕೆ ಅಂಗಡಿಯವರು, “ಹಿತ್ತಾಳಿ ಬ್ಯಾರೆ, ಕಬ್ಣ ಬ್ಯಾರೆ ಮಾಡಿದ್ರನ ರೇಟು ಬರೋದು ಸರ್” ಎಂದರು. ಅವರು ಹೇಳಿದ್ದು ನಿಜ. ಹಿತ್ತಾಳೆಯ ದರ ಕಬ್ಬಿಣದ ದರಕ್ಕಿಂತ ಎಷ್ಟೋ ಪಾಲು ಹೆಚ್ಚು; ಒಳಗೆ ಕಬ್ಬಿಣ ಉಳಿದಿದ್ದರೆ ಮುಂದಿನ ವ್ಯಾಪಾರಿ ಅದನ್ನು ಹಿತ್ತಾಳೆಯೆಂದು ತೂಗಿಕೊಳ್ಳುವುದಿಲ್ಲ. ಎರಡು ಲೋಹ ಸೇರಿಸಿ ಮಾಡಿದ ಹಳೆಯ ವಸ್ತುವಿಗೆ ಗುಜರಿಯಲ್ಲಿ ಉಳಿಗಾಲವಿಲ್ಲದಿರುವುದು ಈ ಕಾರಣಕ್ಕೆ. ಬರೀ ಬೀಡಿನ, ಎಂದರೆ ಎರಕದ ಕಬ್ಬಿಣದ, ವಸ್ತುವಾದರೆ ಲಾರಿ ತುಂಬುವವರೆಗಾದರೂ ಮೂಲೆಯಲ್ಲಿ ಇಡಿಯಾಗಿ ಬಿದ್ದಿರುತ್ತದೆ. ಹಿತ್ತಾಳೆ ಹೊದ್ದ ಕಬ್ಬಿಣ ಬಂದ ದಿನವೇ ಒಡೆಯಲ್ಪಡುತ್ತದೆ. ಯಾವ ಕಟ್ಟಡದಿಂದ ಬಂತೆಂದು ಕೇಳಿದರೆ ಟೆಂಪೋದಲ್ಲಿ ಬಂದ ಮಾಲು ಎಂಬುದರಾಚೆಗೆ ಅವರ ಬಳಿ ಉತ್ತರವಿರಲಿಲ್ಲ. ದುಡಿದು ಉಣ್ಣುವ ಆ ವ್ಯಾಪಾರಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ವಸ್ತು ಅವರ ಅಂಗಡಿಯ ತನಕ ಬಂದದ್ದೇ ತಪ್ಪು.

ಒಡೆದ ಹೋಳಿನ ಒಳಭಾಗವನ್ನು ನಾನು ಬೆಳಕಿಗೆ ಹಿಡಿದು ನೋಡಿದೆ. ಕಂಬದ ಹೊರಮೈ ಕಡೆಸಲು ಯಂತ್ರದಲ್ಲಿ (ಲೇತ್) ನಯವಾಗಿ ಕಡೆದದ್ದು, ಸುತ್ತಲೂ ಕೂದಲೆಳೆಯಂಥ ಗೆರೆಗಳಿದ್ದವು. ಒಳಮೈಯಲ್ಲಿ ಮಾತ್ರ ಎರಕದ ಮರಳಿನ ತರಿ ಹಾಗೆಯೇ ಉಳಿದಿತ್ತು. ಎದುರುಬದುರಾಗಿ ಮೇಲಿಂದ ಕೆಳಗೆ ಎರಡು ನೇರ ಗೆರೆಗಳು ಇಳಿದಿದ್ದವು. ಆ ಗೆರೆಗಳಲ್ಲಿ ಲೋಹದ ಬಣ್ಣ ಉಳಿದ ಹಿತ್ತಾಳೆಗಿಂತ ಒಂದಿಷ್ಟು ಬಿಳಿಚಾಗಿತ್ತು. ಎಂದರೆ ಕಂಬವನ್ನು ಒಂದೇ ಸಲ ಎರೆದಿಲ್ಲ. ಉದ್ದುದ್ದಕ್ಕೆ ಎರಡು ಅರೆಭಾಗಗಳನ್ನು ಬೇರೆಬೇರೆಯಾಗಿ ಎರೆದು, ಅಂಚುಗಳನ್ನು ಅರದಿಂದ ತೀಡಿ ಕೂಡಿಸಿ, ಗಟ್ಟಿ ಬೆಸುಗೆ ಹಾಕಿ, ಆಮೇಲೆ ಕಡೆದಿದ್ದಾರೆ. ಟೊಳ್ಳಿನ ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕಬ್ಬಿಣದ ಕಡ್ಡಿ ಹಾದಿತ್ತು. ಅದರ ಬುಡ ಸೌದೆ ಹೊರುವ ಸರಳಿಗೆ ಬಡಿದು ಕೂಡಿಸಿದ್ದು. ತುದಿಯಲ್ಲಿ ಕೈಯಿಂದ ತೆಗೆದ ಮರೆಗಳು, ಎಂದರೆ ತಿರುಪಿನ ಸುರುಳಿಗೆರೆಗಳು, ಇದ್ದವು. ನಿಂಬೆಹಣ್ಣಿನ ಆಕಾರದ ಮೇಲಿನ ಗುಂಡನ್ನು ಆ ಮರೆಗೆ ತಿರುಗಿಸಿ ಬಿಗಿದರೆ ಪೀಠ, ಕಂಬ, ಗುಂಡು ಎಲ್ಲವೂ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ.

ಇಷ್ಟು ಕಷ್ಟಪಟ್ಟು ಏಕೆ ಮಾಡಿದರೆಂದು ಎರಕದ ಕೆಲಸ ಬಲ್ಲವರಿಗೆ ವಿವರಿಸಬೇಕಾಗಿಲ್ಲ, ಆದರೂ ಓದುಗರಿಗಾಗಿ ಹೇಳುತ್ತೇನೆ. ಹಿತ್ತಾಳೆ ದುಬಾರಿ ಲೋಹ, ಗಟ್ಟಿಯಾಗಿ ಎರೆದರೆ ಭಾರವೂ ಹೆಚ್ಚು ಖರ್ಚೂ ಹೆಚ್ಚು. ಟೊಳ್ಳಾಗಿ ಎರೆಯಬೇಕಾದರೆ ಅಚ್ಚಿನ ನಡುವೆ ಮರಳಿನ ತಿರುಳನ್ನು ನಿಲ್ಲಿಸಬೇಕು. ಉದ್ದನೆಯ, ಅಲ್ಲಲ್ಲಿ ಕಿರಿದಾದ ಕಂಬದಲ್ಲಿ ಆ ತಿರುಳು ಕೂದಲಷ್ಟು ಅಲುಗಿದರೂ ಒಂದು ಬದಿ ದಪ್ಪವಾಗಿ ಇನ್ನೊಂದು ಬದಿ ತೂತಾಗುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕದ ಹಿತ್ತಾಳೆ ಕೆಲಸದವರು ಇದಕ್ಕೆ ಕಂಡುಕೊಂಡ ದಾರಿ, ಎರಡು ಅರೆಗಳನ್ನು ಎರೆದು ಬೆಸೆಯುವುದು. ತಿರುಳು ನಿಲ್ಲಿಸಿ ಇಡಿಯಾಗಿ ಎರೆಯುವ ಕೆಲಸ ಪಳಗಿದ ಮೇಲೆ ಬೆಸುಗೆಯ ಗೆರೆ ಕಾಣದಾಯಿತು. ಹಾಗಾಗಿ ಹಳೆಯ ಆಂಡೈರನ್ ಕೈಗೆ ಬಂದಾಗ ತಿಳಿದವರು ಮೊದಲು ಹುಡುಕುವುದು ಈ ಗೆರೆಯನ್ನು. ಗೆರೆಯೊಂದನ್ನೇ ನಂಬಿ ಕಾಲ ನಿರ್ಣಯ ಮಾಡುವುದು ದುಡುಕಾದೀತು. ಅಮೆರಿಕದಲ್ಲಿ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದ ನಂತರ ಹಳೆಯ ಮಾದರಿಗಳ ಮೇಲೆ ಜನರಿಗೆ ಒಲವು ಹೆಚ್ಚಿ, ಅವುಗಳ ನಕಲುಗಳು ಬೇಕಾದಷ್ಟು ತಯಾರಾದವು. ಗೆರೆಯ ಜೊತೆಗೆ ಒಳಗಿನ ಕಡ್ಡಿ, ಮರೆಯ ಏರುಪೇರು, ಸರಳಿನ ಮೇಲಿನ ಉರಿಯ ಸವೆತ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಸರಳನ್ನು ಕಂಬದಿಂದ ಬೇರೆ ಮಾಡಿದರೆ ಆ ಸಾಕ್ಷ್ಯದ ಅರ್ಧ ಹೋಯಿತು.

ಸರಳಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಬೆಂಕಿಯ ಕಾವಿಗೆ ಕಬ್ಬಿಣದ ಮೈ ಪದರುಪದರಾಗಿ ಹೊಪ್ಪಳಿಕೆ ಎದ್ದು ಉದುರುತ್ತದೆ, ವರ್ಷಗಳು ಕಳೆದಂತೆ ಉರಿ ತಗಲುವ ಭಾಗ ತೆಳ್ಳಗಾಗುತ್ತದೆ. ಬಹಳ ಕಾಲ ಬಳಸಿದ ಆಂಡೈರನ್‌ಗಳಿಗೆ ಕಮ್ಮಾರರು ಹೊಸ ಸರಳು ಹಾಕಿಕೊಟ್ಟಿರುವುದು ಸಾಮಾನ್ಯ. ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ಹಳೆಯ ದುರಸ್ತಿಯನ್ನು ದೋಷವೆಂದು ಎಣಿಸಬಾರದು, ಅದೂ ವಸ್ತುವಿನ ಚರಿತ್ರೆಯೇ. ಈಚಿನ ಕರೆಂಟ್ ವೆಲ್ಡಿಂಗ್ ಆದರೆ ಅದರ ಗಂಟುಗಂಟಾದ ಸಾಲು ಕಣ್ಣಿಗೆ ಹೊಡೆದು ಕಾಣುತ್ತದೆ.

ಈ ವಸ್ತುವಿನ ವಂಶಾವಳಿ ಬಹಳ ಹಿಂದಕ್ಕೆ ಹೋಗುತ್ತದೆ. ವೇಲ್ಸ್‌ನ ಕಾಪೆಲ್ ಗಾರ್ಮನ್ ಎಂಬಲ್ಲಿ 1852ರಲ್ಲಿ ಜೌಗು ಮಣ್ಣನ್ನು ಅಗೆಯುವಾಗ ಸಿಕ್ಕ ಕಬ್ಬಿಣದ ಆಂಡೈರನ್ ಸುಮಾರು ಎರಡು ಸಾವಿರ ವರ್ಷ ಹಿಂದಿನದು. ಕೊಂಬು ಮತ್ತು ಕೇಸರವಿರುವ ಎರಡು ಪ್ರಾಣಿಮುಖಗಳನ್ನು ಅದರ ಎರಡು ತುದಿಗಳಲ್ಲಿ ಆ ಕಾಲದ ಕಮ್ಮಾರ ಬಡಿದು ತೆಗೆದಿದ್ದಾನೆ. ಅದು ಈಗ ವೇಲ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸೊತ್ತು. ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ 1490ರ ದಶಕದಲ್ಲಿ ಆ ದೇಶದ ಮೊದಲ ಊದುಕುಲುಮೆಗಳು (ಬ್ಲಾಸ್ಟ್ ಫರ್ನೆಸ್) ನಿಂತ ಮೇಲೆ ಕಬ್ಬಿಣವನ್ನು ಕರಗಿಸಿ ಎರೆಯುವುದು ಸಾಧ್ಯವಾಯಿತು. ಮುಂದಿನ ನೂರು ವರ್ಷಗಳಲ್ಲಿ ತೋಪುಗಳ ಜೊತೆಗೆ ಬೆಂಕಿಗೂಡಿನ ಹಿಂಬದಿಯ ತಟ್ಟೆಗಳು, ಬೀಡಿನ ಆಂಡೈರನ್‌ಗಳು ಅಲ್ಲಿಂದ ಹೊರಬಂದವು. ಅಡುಗೆ ಮಾಡುವ ದೊಡ್ಡ ಬೆಂಕಿಗೂಡುಗಳ ಆಂಡೈರನ್‌ಗಳಿಗೆ ಮಾಂಸ ಸುಡುವ ಸಲಾಕೆ ಇಡಲು ಕೊಕ್ಕೆಗಳಿದ್ದವು, ಕೆಲವಕ್ಕೆ ಬಟ್ಟಲು ಬೆಚ್ಚಗಿಡಲು ತಲೆಯ ಮೇಲೆ ಬುಟ್ಟಿಯಾಕಾರದ ಜಾಗವೂ ಇತ್ತು. ಫ್ರಾನ್ಸಿನ ಅರಮನೆಗಳಲ್ಲಿ ಮುಂಗಂಬವೇ ಒಂದು ಶಿಲ್ಪವಾಗಿ ಬೆಳೆದು, ಕಂಚಿನಲ್ಲಿ ಎರೆದ ಮೂರ್ತಿಗಳ ಮೇಲೆ ಪಾದರಸದಲ್ಲಿ ಕಲಸಿದ ಚಿನ್ನವನ್ನು ಬಳಿದು ಕಾಯಿಸಿ ಗಿಲೀಟು ಮಾಡುತ್ತಿದ್ದರು. ಪಾದರಸ ಆವಿಯಾಗಿ ಚಿನ್ನ ಉಳಿಯುತ್ತಿತ್ತು. ಆ ಆವಿಯನ್ನು ಉಸಿರಾಡಿದ ಕೆಲಸಗಾರರ ಆರೋಗ್ಯ ಹಾಳಾಗುತ್ತಿತ್ತು ಎಂಬುದನ್ನು ಅವುಗಳ ಹೊಳಪನ್ನು ಹೊಗಳುವವರು ನೆನೆಯಬೇಕು. ಅಮೆರಿಕದಲ್ಲಿ, ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿದ ಜರ್ಮನ್ ಹೆಸಿಯನ್ ಸೈನಿಕರ ಆಕಾರದಲ್ಲಿ ಬೀಡಿನ ಆಂಡೈರನ್‌ಗಳು ಬಂದವು. ಸೌದೆಯ ಬದಲು ಕಲ್ಲಿದ್ದಲು ಉರಿಸುವ ರೂಢಿ ಹರಡಿದ ಮೇಲೆ ಕಲ್ಲಿದ್ದಲಿಗೆ ಜಾಲರಿಯ ತೊಟ್ಟಿ ಬೇಕಾದ್ದರಿಂದ ಆಂಡೈರನ್ನಿನ ಕೆಲಸ ಇಲ್ಲವಾಯಿತು. ಇಂಗ್ಲಿಷರ ಎಷ್ಟೋ ಮನೆಗಳಲ್ಲಿ ಅದು ಇಕ್ಕಳ, ಸಲಾಕೆ, ಬೂದಿ ಮೊಗೆಯುವ ಸಲಿಕೆಗಳನ್ನು ಒರಗಿಸುವ ಅಲಂಕಾರವಾಗಿ ಉಳಿಯಿತು.

ಶ್ರೀಮಂತರ ಬೆಂಕಿಗೂಡುಗಳಲ್ಲಿ ಚೆಂದದ ಜೋಡಿ ಉರಿಗೆ ಹಾಳಾಗಬಾರದೆಂದು, ಅದರ ನಡುವೆ ಕುಳ್ಳಗಿನ ಸಾದಾ ಕಬ್ಬಿಣದ ಇನ್ನೊಂದು ಜೋಡಿಯನ್ನು ಇಟ್ಟು ಸೌದೆಯ ಭಾರವನ್ನೆಲ್ಲ ಅದರ ಮೇಲೆ ಹಾಕುತ್ತಿದ್ದರು. ಹಳೆಯ ಮನೆ ಖಾಲಿ ಮಾಡುವಾಗ ಹಿತ್ತಾಳೆ ಜೋಡಿ ಯಾರ ಕಣ್ಣಿಗಾದರೂ ಬಿದ್ದು ಉಳಿಯಬಹುದು; ಮಸಿ ಹಿಡಿದ ಈ ಕುಳ್ಳ ಜೋಡಿಯನ್ನು ಕೇಳುವವರೇ ಇಲ್ಲ. ದುಡಿದದ್ದು ಮಾತ್ರ ಅದು. ಮೇಲುನೋಟಕ್ಕೆ ಏನೂ ಅಲ್ಲದ ಇಂಥ ತುಂಡುಗಳ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿಯಿದೆ, ಅದಕ್ಕೆ ನಮ್ಮ ಜಿಲ್ಲೆಗೆ ಸಂಬಂಧಿಸಿದ ಕಾರಣವೂ ಇದೆ.

1800ರಲ್ಲಿ ನಿಜಾಮರು ಬಿಟ್ಟುಕೊಟ್ಟ ಸೀಮೆಯ ಜೊತೆ ಬಳ್ಳಾರಿ ಕಂಪನಿ ಸರ್ಕಾರಕ್ಕೆ ಸೇರಿತು. ಮುಂದೆ ಇಲ್ಲಿ ದೊಡ್ಡ ದಂಡು ನೆಲೆಸಿತು, 1953ರವರೆಗೆ ಜಿಲ್ಲೆ ಮದರಾಸಿನ ಆಡಳಿತದಲ್ಲೇ ಇತ್ತು. ಬಳ್ಳಾರಿಯ ಬಿಸಿಲು ತಾಳದ ದಂಡಿನವರು ಸಂಡೂರು ಸಂಸ್ಥಾನದ ರಾಮನದುರ್ಗದ ಮೇಲೆ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಕಾಯಿಲೆಯ ಸೈನಿಕರಿಗೆ ಆರೋಗ್ಯಧಾಮ ಮಾಡಿಕೊಂಡರು, ಬಂಗಲೆಗಳನ್ನು ಕಟ್ಟಿದರು. ರಾಮಗಡ ಎಂದೂ ಕರೆಯುವ ಆ ಬೆಟ್ಟಕ್ಕೆ ಈಗ ಚಾರಣಕ್ಕೆ ಹೋಗುವವರಿಗೆ ಮುರಿದ ಗೋಡೆಗಳು ಕಾಣುತ್ತವೆ, ಒಳಗಿದ್ದ ಲೋಹದ ಸಾಮಾನು ಒಂದೂ ಕಾಣುವುದಿಲ್ಲ. ಮಳೆಗಾಲದಲ್ಲಿ ಮೋಡ ನೆಲಕ್ಕಿಳಿಯುವ ಅಂಥ ಎತ್ತರದಲ್ಲಿ, ಸುತ್ತ ಕಾಡಿನ ಸೌದೆ ಕೈಗೆಟಕುವಾಗ, ಕಲ್ಲಿದ್ದಲನ್ನು ಬೆಟ್ಟಕ್ಕೆ ಹೊರಿಸಿಕೊಂಡು ಹೋಗುವ ಪ್ರಮೇಯವೇ ಬಾರದು. ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನಿಂದ ಕೆಲಸ ಕಳೆದುಕೊಂಡ ಆಂಡೈರನ್‌ಗೆ ನಮ್ಮ ದೇಶದ ಬೆಟ್ಟದ ಊರುಗಳಲ್ಲಿ ಮತ್ತೆ ಕೆಲಸ ಸಿಗಲು ಸೌದೆಯೇ ಕಾರಣ.

ಅಂಥ ಸಾಮಾನುಗಳಲ್ಲಿ ಹಡಗಿನಲ್ಲಿ ಬಂದದ್ದೆಷ್ಟು, ವಿಲಾಯತಿ ಮಾದರಿ ನೋಡಿ ಇಲ್ಲಿನ ಕಮ್ಮಾರರು ಮಾಡಿಕೊಟ್ಟದ್ದೆಷ್ಟು ಎಂಬುದು ವಸ್ತು ಕಣ್ಣ ಮುಂದೆ ಇದ್ದರೆ ಮಾತ್ರ ಹೇಳಬಹುದಾದ ಮಾತು. ಬೀಡನ್ನು ಬಡಿದರೆ ಸಿಡಿಯುತ್ತದೆ, ಒಡೆದಲ್ಲಿ ಬೂದುಬಣ್ಣದ ಕಾಳುಕಾಳಾಗಿ ಕಾಣುತ್ತದೆ. ಬಡಿದು ಹದಗೊಳಿಸಿದ ಹಳೆಯ ಕಬ್ಬಿಣ ಬಾಗುತ್ತದೆ, ಹರಿದಲ್ಲಿ ನಾರುನಾರಾಗಿರುತ್ತದೆ. ಸಾದಾ ಕುಳ್ಳ ಆಂಡೈರನ್ನಿನ ಕಾಲು ಸೇರುವ ಕಡೆ ಕುಲುಮೆಯಲ್ಲಿ ಕಾಯಿಸಿ ಬಡಿದ ಬೆಸುಗೆಯಿದ್ದು ಸುತ್ತಿಗೆಯ ಗುರುತುಗಳಿದ್ದರೆ, ಅದು ಊರಿನ ಕುಲುಮೆಯಲ್ಲಿ ಹುಟ್ಟಿದ್ದಿರಬಹುದೇ ಎಂಬ ಪ್ರಶ್ನೆಯನ್ನಾದರೂ ಕೇಳಬಹುದು. ಸಂಡೂರಿನ ಅದಿರು, ದೋಣಿಮಲೆಯ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಳಿಂದ ದೇಶಕ್ಕೆಲ್ಲ ಹೆಸರಾದ ಜಿಲ್ಲೆ ನಮ್ಮದು. ತನ್ನ ಕಮ್ಮಾರರು ಮತ್ತು ಎರಕದವರ ಕೈಕೆಲಸದ ಕುರುಹುಗಳನ್ನು ಕಿಲೋ ಲೆಕ್ಕದಲ್ಲಿ ಮತ್ತೆ ಕುಲುಮೆಗೆ ಕಳಿಸುವುದು ಈ ಜಿಲ್ಲೆಗೆ ಶೋಭೆ ತರುವುದಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದ, ಹಿಂದಿನ ಕಾಲದ ಕಲೆ, ಕಸುಬು, ಆಚಾರಗಳನ್ನು ತೋರಿಸುವ ವಸ್ತು ಪುರಾತನ ವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತದೆ. ಅಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವೇನೂ ಅಲ್ಲ. ಅಪರಾಧವಾದೀತೆಂಬ ಭಯದಿಂದಲೇ ಕೆಲವರು ಅಜ್ಜನ ಕಾಲದ ವಸ್ತುಗಳನ್ನು ರಾತ್ರೋರಾತ್ರಿ ಗುಜರಿಗೆ ಸಾಗಿಸುತ್ತಾರಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮನೆಯಲ್ಲಿ ಇಂಥ ಜೋಡಿ ಉಳಿಸಿಕೊಂಡಿರುವವರು ಅದನ್ನು ಹೊಸದರಂತೆ ಮಾಡುವ ಆಸೆಯನ್ನು ದಯವಿಟ್ಟು ಬಿಡಬೇಕು. ಗ್ರೈಂಡರ್ ಹಿಡಿದರೆ ಕಡೆಸಲಿನ ಗೆರೆ, ಬೆಸುಗೆಯ ಗೆರೆ ಎರಡೂ ಅಳಿದುಹೋಗುತ್ತವೆ. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಹಿತ್ತಾಳೆ ಬೆಳಗುವುದು ನಿಜ, ಆದರೆ ಆ ಹುಳಿನೀರು ಸಂದಿಯಿಂದ ಒಳಗಿನ ಕಬ್ಬಿಣದ ಕಡ್ಡಿಗೆ ಇಳಿದು ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿದಾಗ ತೆಳ್ಳನೆಯ ಹಿತ್ತಾಳೆ ಬೆಸುಗೆಯಲ್ಲೇ ಬಿರಿಯುತ್ತದೆ. ಸರಳಿಗೆ ಅಲ್ಯೂಮಿನಿಯಂ ಬಣ್ಣ ಬಳಿಯುವ ಕಚೇರಿ ರೂಢಿಯಂತೂ ಬೇಡವೇ ಬೇಡ. ಮೃದುವಾದ ಬ್ರಷ್ಷಿನಿಂದ ಧೂಳು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಮೇಣವನ್ನು ತೆಳ್ಳಗೆ ಸವರಿದರೆ ನಮ್ಮ ಒಣಹವೆಯಲ್ಲಿ ಅಷ್ಟೇ ಧಾರಾಳವಾಯಿತು. ಗುಂಡನ್ನು ತಿರುಗಿಸಿ ಬಿಚ್ಚಿದ್ದರೆ ಯಾವುದು ಯಾವ ಕಂಬದ್ದೆಂದು ದಾರ ಕಟ್ಟಿ ಗುರುತಿಡಬೇಕು. ಕೈಯಿಂದ ತೆಗೆದ ಮರೆಗಳಾದ್ದರಿಂದ ಒಂದರ ಗುಂಡು ಇನ್ನೊಂದಕ್ಕೆ ಕೂರುವುದಿಲ್ಲ, ಬಲವಂತ ಮಾಡಿದರೆ ಎರಡೂ ಕೆಡುತ್ತವೆ.

ಸರ್ಕಾರಿ ಕಟ್ಟಡಗಳ ವಿಷಯದಲ್ಲಿ ನನ್ನ ವಿನಂತಿ ಇಷ್ಟು. ಹಳೆಯ ಕಟ್ಟಡದ ನಿರುಪಯುಕ್ತ ವಸ್ತುಗಳನ್ನು ಹರಾಜು ಮಾಡುವ ಮುನ್ನ, ಲೋಹದ ಸಾಮಾನುಗಳನ್ನು ಇದ್ದ ಜಾಗದಲ್ಲೇ ಫೋಟೊ ತೆಗೆದು, ಯಾವ ಕೋಣೆಯ ಯಾವ ಗೋಡೆಯಲ್ಲಿತ್ತೆಂದು ಬರೆದಿಟ್ಟು, ಜೋಡಿಯನ್ನು ಅಗಲಿಸದೆ ಒಂದೇ ಕಡೆ ಇಡಲು ಗುತ್ತಿಗೆದಾರರಿಗೆ ಲಿಖಿತ ಸೂಚನೆ ಕೊಡಬೇಕು. ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲಿ ಒಳ್ಳೆಯ ಪುರಾತತ್ವ ಸಂಗ್ರಹಾಲಯವಿದೆ; ಸಂಗನಕಲ್ಲಿನ ಶಿಲಾಯುಗದ ಕೊಡಲಿಗಳನ್ನು ಅಲ್ಲಿ ಎಷ್ಟು ಶ್ರದ್ಧೆಯಿಂದ ಜೋಡಿಸಿದ್ದಾರೆಂಬುದನ್ನು ನೋಡಿದವರು ಬಲ್ಲರು. ಶಿಲಾಯುಗಕ್ಕೆ ಮೀಸಲಾದ ಆ ಸಂಗ್ರಹಾಲಯದಲ್ಲಿ ಈಚಿನ ಶತಮಾನಗಳ ಲೋಹದ ಕೆಲಸಕ್ಕೂ ಒಂದು ಕಪಾಟು ಸಿಗುವಂತಾದರೆ, ಹರಾಜಿಗೆ ಮೊದಲು ಅಲ್ಲಿನ ತಿಳಿವಳಿಕಸ್ಥರು ಬಂದು ನೋಡುವ ಪದ್ಧತಿ ಬೆಳೆದರೆ, ಒಡೆದುಹೋಗುವ ಎಷ್ಟೋ ವಸ್ತುಗಳು ಉಳಿಯುತ್ತವೆ. ಎರಕ ಮತ್ತು ಫಿಟ್ಟರ್ ಕೆಲಸ ಕಲಿಯುವ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು, ಎರಡು ಅರೆಗಳನ್ನು ಹೇಗೆ ಕೂಡಿಸಿದ್ದಾರೆಂದು ಕೈಯಲ್ಲಿ ಹಿಡಿಸಿ ತೋರಿಸಬಹುದು. ನಾನು ಗುಜರಿ ಅಂಗಡಿಯಿಂದ ತೂಕದ ಬೆಲೆ ಕೊಟ್ಟು ತಂದಿಟ್ಟುಕೊಂಡಿರುವ ಇಡಿ ಆಂಡೈರನ್ನನ್ನೂ ಒಡೆದ ಹೋಳುಗಳನ್ನೂ ಅಂಥ ಕಪಾಟಿಗೆ ಕೊಡಲು ಸಿದ್ಧನಿದ್ದೇನೆ. ಒಡೆದದ್ದೇ ಕಲಿಯುವವರಿಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯ ಓದುಗರಲ್ಲಿ ಯಾರ ಮನೆಯಲ್ಲಾದರೂ ಒಂಟಿ ಆಂಡೈರನ್ ಉಳಿದಿದ್ದರೆ, ಅದನ್ನು ಮಾರುವ ಮುನ್ನ ಎತ್ತರ, ಸರಳಿನ ಉದ್ದ, ಕಾಲು ಯಾವ ಬದಿಗೆ ಬಾಗಿದೆ ಎಂಬುದನ್ನು ಬರೆದು, ಮುಂದಿನಿಂದ ಮತ್ತು ಹಿಂದಿನಿಂದ ಒಂದೊಂದು ಫೋಟೊ ತೆಗೆದು ಸಂಗ್ರಹಾಲಯಕ್ಕೆ ತಲುಪಿಸಬೇಕೆಂದು ಕೋರುತ್ತೇನೆ. ಮನೆಯ ಹಿರಿಯರಿಗೆ ಅದು ಎಲ್ಲಿಂದ ಬಂತೆಂಬುದು ನೆನಪಿದ್ದರೆ ಅದನ್ನೂ ಇಂದೇ ಬರೆಸಿಕೊಳ್ಳಿ. ಎಡ ಮತ್ತು ಬಲದ ತುಂಡುಗಳು ಬೇರೆಬೇರೆ ಮನೆ ಸೇರಿರುವ ಸಾಧ್ಯತೆ ಬಹಳವಿದೆ, ಜೋಡಿಯನ್ನು ಮತ್ತೆ ಗುರುತಿಸಲು ಅಷ್ಟು ವಿವರ ಸಾಕಾಗುತ್ತದೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎರಕ ತರಬೇತುದಾರ
ಬಳ್ಳಾರಿ